ಮೂರನೆಯ ಢಮ್

ಫೆಬ್ರವರಿ 2, ಸೋಮವಾರ

ನಿವೃತ್ತಿಯಾದ ಆರು ವರ್ಷಕ್ಕೆ ಮತ್ತೆ ಕೆಲಸ ಸಿಕ್ಕಿದೆ.

ಸಂಜೆ ವಿಮಾನ ಪರೀಕ್ಷಾ ಕೇಂದ್ರದ ಸಂಪರ್ಕಾಧಿಕಾರಿ ಮನೆಗೆ ಬಂದಿದ್ದ. ನನ್ನ ಹಳೆಯ ವಿದ್ಯಾರ್ಥಿ. ಹೈಸ್ಕೂಲಿನಲ್ಲಿ ಕೊನೆಯ ಬೆಂಚಿನಲ್ಲಿ ಗೋಡೆಗೊರಗಿ ಕೂರುತ್ತಿದ್ದ. ಶಬ್ದದ ಪಾಠ ನಡೆದ ಎಂಟು ದಿನವೂ ಹೊಟ್ಟೆನೋವೆಂದು ರಜೆ ಹಾಕಿದ್ದ. ಈಗ ಶಬ್ದದ ಬಗ್ಗೆ ಬರುವ ದೂರುಗಳಿಗೆಲ್ಲ ಅವನೇ ಉತ್ತರ ಕೊಡಬೇಕಂತೆ. ದೇವರಿದ್ದಾನೆ. ಈ ಪುಸ್ತಕದಲ್ಲಿ ಅವನನ್ನು ಕೊನೇಬೆಂಚು ಎಂದೇ ಬರೆಯುತ್ತೇನೆ.

ಶಬ್ದಕ್ಕಿಂತ ವೇಗವಾಗಿ ಹೋಗುವ ಹೊಸ ವಿಮಾನವನ್ನು ಒಂದು ತಿಂಗಳಿಂದ ನಮ್ಮ ಊರಿನ ಮೇಲೆ ಹಾರಿಸುತ್ತಿದ್ದಾರೆ. ಸೋಮವಾರ, ಬುಧವಾರ, ಶುಕ್ರವಾರ, ಹನ್ನೊಂದು ಗಂಟೆಯ ಆಸುಪಾಸಿಗೆ ಊರೆಲ್ಲ ಢಮ್ಮೆನ್ನುತ್ತದೆ. ಇಲ್ಲಿಯವರೆಗೆ ಮೂವತ್ತಮೂರು ದೂರಿನ ಪತ್ರ ಬಂದಿವೆ.

"ಟೀಚರ್, ನೀವು ಮನೆಮನೆಗೆ ಹೋಗಿ ಸ್ವಲ್ಪ ಸೈನ್ಸ್ ಹೇಳಿಬಿಟ್ರೆ ಸಾಕು. ಅರ್ಥ ಆದ್ರೆ ಜನ ಸುಮ್ಮನಾಗ್ತಾರೆ," ಎಂದ.

"ನೀನು ಅರ್ಥ ಆಗದೇನೇ ಸುಮ್ಮನಿರ್ತಿದ್ದೆ," ಎಂದೆ.

ನಮ್ಮವರು ಮೂವತ್ತೈದು ವರ್ಷ ರೈಲ್ವೆ ಗಾರ್ಡ್ ಆಗಿದ್ದವರು. ಮಾತು ಕಡಿಮೆ, ಬಾವುಟ ಜಾಸ್ತಿ. ಅವರನ್ನು ಕೇಳಿದರೆ, "ಹೋಗಿ ಬಾ. ಮನೇಲಿ ನನಗೊಬ್ಬನಿಗೇ ಪಾಠ ಮಾಡಿ ನಿನಗೂ ಬೇಜಾರಾಗಿದೆ," ಎಂದರು.

ಯೋಜನೆ ಹಾಕಿದ್ದೇನೆ. ಒಂದು ಮನೆಗೆ ಹನ್ನೆರಡು ನಿಮಿಷ. ದೂರು ಕೇಳಲು ಎರಡು, ವಿವರಣೆಗೆ ಎಂಟು, ಸಂದೇಹ ಪರಿಹಾರಕ್ಕೆ ಎರಡು. ವಿಮಾನ ಹಾರದ ಮಂಗಳವಾರ, ಗುರುವಾರ ತಲಾ ಎಂಟು ಮನೆ. ಅರ್ಥವಾಗದೆ ಉಳಿದವರಿಗೆ ಮರುಭೇಟಿ ಇಲ್ಲ.

ಫೆಬ್ರವರಿ 3, ಮಂಗಳವಾರ

ಎಂಟು ಮನೆ ಮುಗಿಸಿದೆ. ಜೊತೆಗೆ ಒಂದು ಬೋಗುಣಿ ಒಯ್ದಿದ್ದೆ. ಹೋದ ಮನೆಯಲ್ಲಿ ಅದಕ್ಕೆ ನೀರು ಕೇಳಿ ಪ್ರಯೋಗ ತೋರಿಸುತ್ತೇನೆ. ನೀರಿನಲ್ಲಿ ಬೆರಳನ್ನು ನಿಧಾನ ಸರಿಸಿದರೆ ಅಲೆ ಬೆರಳಿಗಿಂತ ಮುಂದೆ ಓಡುತ್ತದೆ. ಅಲೆಯನ್ನೇ ಹಿಂದೆ ಹಾಕುವಷ್ಟು ಜೋರಾಗಿ ಸರಿಸಿದರೆ ಅಲೆಗಳಿಗೆ ಮುಂದೆ ದಾರಿಯಿಲ್ಲ. ಒಂದರ ಮೇಲೊಂದು ಬಿದ್ದು, ಬೆರಳಿನ ಹಿಂದೆ ಮೊನೆಯಾದ ಗೆರೆಯಾಗುತ್ತವೆ. ವಿಮಾನವೂ ಗಾಳಿಯಲ್ಲಿ ಇಂಥದೇ ಗೆರೆಯನ್ನು ದಾರಿಯುದ್ದಕ್ಕೂ ಎಳೆದುಕೊಂಡು ಹೋಗುತ್ತದೆ. ಅದು ನಮ್ಮ ಕಿವಿಯ ಮೇಲೆ ಹಾದಾಗ ಢಮ್. ವಿಮಾನದ ಮೂಗಿನಿಂದ ಒಂದು, ಬಾಲದಿಂದ ಒಂದು. ಒಟ್ಟು ಎರಡು, ಒಂದಕ್ಕೊಂದು ಅಂಟಿಕೊಂಡಂತೆ. ಇದರ ಹೆಸರು ಆಘಾತ ತರಂಗ. ಒಳಗೆ ಕೂತ ಪೈಲಟ್‌ಗೆ ಮಾತ್ರ ಏನೂ ಕೇಳಿಸದು.

"ಅಂದ್ರೆ ಮಾಡಿದವನಿಗೆ ಗೊತ್ತೇ ಆಗಲ್ಲ, ಅನುಭವಿಸೋದು ನಾವು," ಎಂದ ಕ್ಷೌರದಂಗಡಿಯವನು. ವಿವರಣೆ ಅಷ್ಟಕ್ಕೇ ಅವನಿಗೆ ಸಾಕಾಯಿತು. ಅವನ ದೂರು: ಢಮ್ಮೆಂದಾಗ ಕತ್ತಿ ಜಾರಿ ಒಬ್ಬ ಗಿರಾಕಿಯ ಅರ್ಧ ಮೀಸೆ ಹೋಯಿತು. ಸಮ ಮಾಡಲು ಉಳಿದರ್ಧವನ್ನೂ ತೆಗೆದ. ಗಿರಾಕಿಯ ಹೆಂಡತಿ ಬಂದು ಕೈಮುಗಿದು ಹೋದಳಂತೆ, ಗಿರಾಕಿ ಮಾತ್ರ ಆಮೇಲೆ ಬಂದಿಲ್ಲ. ಎಷ್ಟು ಢಮ್ ಎಂದು ಕೇಳಿದರೆ "ಮೂರು" ಎಂದ. ಎರಡು ಎಂದು ತಿದ್ದಿದೆ.

ಆರನೆಯ ಮನೆಯಲ್ಲಿ ಅತ್ತೆ ಸೊಸೆ. ಮೊದಲ ಢಮ್ ಆದ ದಿನದಿಂದ ಅತ್ತೆಯ ಮಾತು ನಿಂತಿದೆ. ಮುದುಕಿ ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಬೀದಿ ನೋಡುತ್ತ ಕೂತಿದ್ದರು. ದೂರು ಕೊಟ್ಟವನು ಮಗ. ಬಾಗಿಲವರೆಗೆ ಬಿಡಲು ಬಂದ ಸೊಸೆ ನನ್ನ ತೋಳು ಹಿಡಿದು ಮೆಲ್ಲಗೆ, "ಮೇಡಂ, ವಿಮಾನ ನಿಲ್ಲಿಸಲ್ಲ ತಾನೇ?" ಎಂದಳು.

ಸರಾಸರಿ ಹನ್ನೊಂದೂವರೆ ನಿಮಿಷ. ತೃಪ್ತಿಕರ.

ಫೆಬ್ರವರಿ 5, ಗುರುವಾರ

ಇವತ್ತಿನ ಎಂಟರಲ್ಲಿ ಮೂವರು ಕಳೆದ ವಾರದ ಮಂಗಳವಾರ ಢಮ್ಮಾಯಿತೆಂದು ದೂರಿದ್ದಾರೆ. ಮಂಗಳವಾರ ವಿಮಾನವೇ ಹಾರಿಲ್ಲ. ಒಬ್ಬನಂತೂ ಬಿಕ್ಕಳಿಕೆ ನಿಂತಿತೆಂದು ಬರೆದು, ವಿಮಾನದ ವೇಳಾಪಟ್ಟಿ ಮುಂಚಿತವಾಗಿ ಬೇಕೆಂದು ಕೇಳಿದ್ದಾನೆ.

ಜನ ಸುಳ್ಳು ಹೇಳುತ್ತಾರೆ ಎನ್ನಲಾರೆ. ಉಬ್ಬಿಸುತ್ತಾರೆ. ಸುಳ್ಳನ್ನಾದರೂ ಹಿಡಿಯಬಹುದು, ಉಬ್ಬಿಸಿದ್ದನ್ನು ಅಳೆಯುವುದು ಕಷ್ಟ.

ಫೆಬ್ರವರಿ 10, ಮಂಗಳವಾರ

ಪತ್ರ ಸಂಖ್ಯೆ ಇಪ್ಪತ್ತೊಂದು. ಅಕ್ಷರ ನೋಡಿದೊಡನೆ ಗುರುತು ಸಿಕ್ಕಿತು. ಈ "ಳ" ಬರೆಯಲು ಕಲಿಸಿದವಳು ನಾನೇ.

ನನ್ನ ತಂಗಿ. ಊರಿನ ಆಚೆ ತುದಿಯ ಇಳಿಜಾರು ಬೀದಿಯಲ್ಲಿ ಹೊಲಿಗೆ ತರಗತಿ ನಡೆಸುತ್ತಾಳೆ. ನಾವು ಮಾತಾಡಿ ಹನ್ನೊಂದು ವರ್ಷವಾಯಿತು. ಅವಳು ಬರೆದಿರುವುದು: "ಪ್ರತಿ ಸಲವೂ ಮೂರು ಢಮ್. ಮೂರನೆಯದು ರಾಕ್ಷಸ. ಛಾವಣಿ ತಲೆ ಮೇಲೆ ಬೀಳುತ್ತಿದೆ. ನಾವೆಲ್ಲ ಸಾಯುತ್ತೇವೆ."

ಅವಳದು ಮೊದಲಿನಿಂದಲೂ ಒಂದಕ್ಕೆ ಹತ್ತು. ಚಿಕ್ಕವಳಿದ್ದಾಗ ಹಲ್ಲಿ ಕಂಡರೆ ಮೊಸಳೆ ಎನ್ನುತ್ತಿದ್ದಳು. ಅಮ್ಮನ ಕೊನೆಯ ದಿನವೂ ಶಾಲೆಗೆ ಫೋನ್ ಮಾಡಿ, ಅಮ್ಮ ಹೋಗ್ತಾ ಇದ್ದಾಳೆ, ಈಗಲೇ ಬಾ ಎಂದಳು. ಅದಕ್ಕೂ ಮೊದಲು ಅಮ್ಮ ಹೋಗುತ್ತಿದ್ದಾಳೆಂದು ಆರು ಸಲ ಕರೆದಿದ್ದಳು. ಪ್ರಾಯೋಗಿಕ ಪರೀಕ್ಷೆ ನಡೆಯುತ್ತಿತ್ತು, ಮುಗಿಸಿಕೊಂಡು ಹೋದೆ. ಅಷ್ಟರಲ್ಲಿ ಅಮ್ಮ ಹೋಗಿಯಾಗಿತ್ತು.

ಪತ್ರವನ್ನು ಕಟ್ಟಿನ ಅಡಿಗೆ ಹಾಕಿದೆ.

ಫೆಬ್ರವರಿ 12, ಗುರುವಾರ

ಗಡಿಯಾರ ರಿಪೇರಿಯವನೂ ಮೂರು ಎನ್ನುತ್ತಾನೆ. ಕೊಳಲು ಕಲಿಸುವ ಮೇಷ್ಟ್ರು ಮೂರೋ ನಾಲ್ಕೋ ಎನ್ನುತ್ತಾರೆ. ಜೊತೆಗೆ ಮೂರನೆಯದು ಶ್ರುತಿ ತಪ್ಪಿದೆ ಎಂಬ ಆಕ್ಷೇಪ ಬೇರೆ. ಇಬ್ಬರಿಗೂ ಬೋಗುಣಿ ತೋರಿಸಿದೆ. ವಿಮಾನಕ್ಕೆ ಎರಡೇ ತುದಿ, ಹಾಗಾಗಿ ಎರಡೇ ಢಮ್ ಎಂದೆ.

"ನೀವು ಹೇಳೋದು ಸರಿ ಮೇಡಂ," ಎಂದ ಗಡಿಯಾರದವನು. "ಆದ್ರೆ ನಮ್ಮ ಮನೇಲಿ ಮೂರೇ."

ಕೆಂಪು ಶಾಯಿಯಲ್ಲಿ ತಪ್ಪು ಎಂದು ಗುರುತು ಹಾಕಿದೆ.

ಫೆಬ್ರವರಿ 13, ಶುಕ್ರವಾರ

ನಮ್ಮ ಮನೆಯ ಕಿಟಕಿಯಲ್ಲಿ ನಿಂತು ನಾನೇ ಎಣಿಸಿದೆ. ಹನ್ನೊಂದು ಗಂಟೆ ಆರು ನಿಮಿಷ. ಎರಡು.

"ಎರಡು ತಾನೇ?" ಎಂದು ನಮ್ಮವರನ್ನು ಕೇಳಿದೆ.

"ಇಲ್ಲಿ ಎರಡು," ಎಂದರು.

ಫೆಬ್ರವರಿ 17, ಮಂಗಳವಾರ

ಕೊನೇಬೆಂಚು ಕಚೇರಿಗೆ ಕರೆಸಿದ್ದ. ವರದಿಯನ್ನು ಅವನೇ ಟೈಪ್ ಮಾಡಿಸಿ ಇಟ್ಟಿದ್ದಾನೆ. "ನಾಗರಿಕರ ದೂರುಗಳು ಬಹೂತೇಕ ಭಾವನಾತ್ಮಕ" ಎಂದಿದೆ. ನಾನು ಸಹಿ ಹಾಕಬೇಕು. ಮಾರ್ಚ್ ಎರಡನೇ ವಾರದಿಂದ ಇನ್ನೂ ದೊಡ್ಡ ವಿಮಾನ ಇದೇ ದಾರಿಯಲ್ಲಿ ಹಾರಲಿದೆ. ಅಷ್ಟರೊಳಗೆ ವರದಿ ಮೇಲಿನವರ ಕೈಸೇರಬೇಕಂತೆ.

"ಬಹುತೇಕ ಪದಕ್ಕೆ ದೀರ್ಘ ಹಾಕಿದ್ದೀಯ, ತೆಗಿ," ಎಂದೆ. "ಇನ್ನೊಂದು ಮನೆ ಬಾಕಿ ಇದೆ. ಅದು ಮುಗಿಸಿ ಸಹಿ ಹಾಕ್ತೀನಿ."

ಊಟದ ಹೊತ್ತಿಗೆ ನಮ್ಮವರಿಗೆ ಹೇಳಿದೆ, ಯಾವ ಮನೆ ಎಂದು. ಅವರು ತಟ್ಟೆ ನೋಡುತ್ತಲೇ, "ಆ ಮುಂದಿನ ಕೋಣೆ ಛಾವಣಿ ಪಾಪ ನಿಜವಾಗ್ಲೂ ಬಿರುಕು ಬಿಟ್ಟಿದೆ," ಎಂದರು.

"ನಿಮಗೆ ಹೇಗೆ ಗೊತ್ತು?"

"ಬಲ್ಬ್ ಹಾಕೋವಾಗ ನೋಡ್ದೆ."

"ಯಾವ ಬಲ್ಬ್?"

ಅವರು ಅನ್ನ ಕಲಸುತ್ತ, "ಇಷ್ಟು ವರ್ಷದ್ದೂ ಹೇಳ್ಬೇಕಾ?" ಎಂದರು.

ತಿಂಗಳಿಗೊಂದು ಸಲ ನಿವೃತ್ತ ಗಾರ್ಡುಗಳ ಸಂಘದ ಸಭೆ ಎಂದು ಇಸ್ತ್ರಿ ಅಂಗಿ ಹಾಕಿಕೊಂಡು ಹೋಗುತ್ತಿದ್ದರು. ನೂರಕ್ಕೂ ಹೆಚ್ಚು ಸಭೆಗೆ ನಾನೇ ಇಸ್ತ್ರಿ ಹಾಕಿಕೊಟ್ಟಿದ್ದೇನೆ.

"ಸಂಘ ಅಂತ ಒಂದಿದೆಯೋ ಇಲ್ವೋ?"

"ಇದೆ. ಸಭೆ ಮಾತ್ರ ನಿನ್ನ ತಂಗಿ ಮನೇಲಿ."

ನಾನು ತಟ್ಟೆ ಎತ್ತಿಕೊಂಡು ಎದ್ದೆ. ಬಾಗಿಲಲ್ಲಿ ನಿಂತು, "ಎಷ್ಟು ಢಮ್ ಕೇಳಿದೆ ಅಲ್ಲಿ ನಿಮಗೆ?" ಎಂದೆ.

"ನನ್ನ ಯಾರು ಕೇಳಿದ್ರು," ಎಂದರು.

ಫೆಬ್ರವರಿ 18, ಬುಧವಾರ

ಹನ್ನೊಂದಕ್ಕೆ ಮೂರು ನಿಮಿಷವಿದ್ದಾಗ ತಂಗಿಯ ಮನೆ ಬಾಗಿಲು ತಟ್ಟಿದೆ. ವಿಮಾನ ಹಾರುವ ದಿನ ಮನೆಭೇಟಿ ಮಾಡುವುದು ನನ್ನ ಕ್ರಮವಲ್ಲ, ಆದರೆ ನಾಳೆಗೆ ಇಟ್ಟರೆ ಹೋಗುತ್ತಿರಲಿಲ್ಲ.

ಅವಳ ಕೂದಲು ಪೂರ್ತಿ ಬೆಳ್ಳಗಾಗಿದೆ. ಕೊರಳಲ್ಲಿ ಅಳತೆಯ ಟೇಪು. ನನ್ನನ್ನು ನೋಡಿ ಬಾಗಿಲನ್ನು ಇನ್ನಷ್ಟು ತೆರೆದಳು. ಒಳಗೆ ಏಳು ಹೊಲಿಗೆ ಯಂತ್ರ, ಏಳು ಜನ ಹೆಂಗಸರು. ಎಲ್ಲರೂ ಒಮ್ಮೆಗೇ ತುಳಿಯುವುದನ್ನು ನಿಲ್ಲಿಸಿದರು.

ನಾನು ಫಾರಂ ತೆಗೆದೆ. "ದೂರುದಾರರ ಹೆಸರು?"

"ಗೊತ್ತಿಲ್ವಾ ನಿನಗೆ?"

"ಕೇಳಬೇಕು ಅಂತ ನಿಯಮ."

"ಹಾಗಾದ್ರೆ ಬರಿ. ಅಕ್ಕ ಇದ್ದೂ ಇಲ್ಲದವಳು ಅಂತ ಬರಿ."

"ಅಷ್ಟೊಂದು ಜಾಗ ಇಲ್ಲ ಇಲ್ಲಿ," ಎಂದೆ. "ವಯಸ್ಸು?"

"ನಿನಗಿಂತ ನಾಲ್ಕು ವರ್ಷ ಕಮ್ಮಿ. ನೋಡೋಕೆ ಹತ್ತು ವರ್ಷ ಕಮ್ಮಿ."

ಹೆಂಗಸರು ಬಟ್ಟೆಗೆ ಮುಖ ಒತ್ತಿಕೊಂಡರು. ಮುಂದಿನ ಪ್ರಶ್ನೆ ಕೇಳುವಷ್ಟರಲ್ಲಿ ಗೋಡೆಯ ಗಡಿಯಾರ ಹನ್ನೊಂದು ಹೊಡೆಯಿತು. ಆಗ ನಡೆದದ್ದನ್ನು ನೋಡಿ ನನ್ನ ಪೆನ್ನು ನಿಂತಿತು. ಯಾರೂ ಹೇಳದೆಯೇ ಏಳೂ ಜನ ಎದ್ದರು. ಸ್ಟೂಲುಗಳನ್ನು ಗೋಡೆಗೆ ಒತ್ತಿ ಇಟ್ಟರು. ಇಬ್ಬರು ಕತ್ತರಿಸುವ ಮೇಜಿನ ಮೇಲೆ ದಪ್ಪ ಹಚ್ಚಡ ಹಾಸಿದರು. ಎಲ್ಲರೂ ಬಾಗಿಲ ಚೌಕಟ್ಟಿನಡಿ ಸಾಲಾಗಿ ನಿಂತರು. ವಾರಕ್ಕೆ ಮೂರು ದಿನ ಮಾಡಿ ಮಾಡಿ ಕೈಗೆ ಕೂತ ಕೆಲಸ.

"ಈ ಕಡೆ ಬಾ ಅಕ್ಕ," ಎಂದು ತಂಗಿ ನನ್ನ ಮೊಣಕೈ ಹಿಡಿದು ಎಳೆದುಕೊಂಡಳು.

ಮೊದಲು ಎರಡು, ನಮ್ಮ ಮನೆಯಲ್ಲಿ ಕೇಳುವಂಥವೇ. ಒಂದು ಉಸಿರಿನಷ್ಟು ಬಿಡುವು. ಆಮೇಲೆ ಮೂರನೆಯದು. ಅದನ್ನು ಕಿವಿಯಲ್ಲಿ ಕೇಳಿದೆ ಎನ್ನಲಾರೆ. ಪಾದದಿಂದ ಎದೆಗೆ ಬಂತು. ಛಾವಣಿಯಿಂದ ಅಂಗೈಯಗಲದ ಗಾರೆ ಕಳಚಿ ಹಚ್ಚಡದ ಮೇಲೆ ಬಿತ್ತು. ಸ್ವಲ್ಪ ಹೊತ್ತಿಗೆ ಮುಂಚೆ ನಾನು ಫಾರಂ ಇಟ್ಟುಕೊಂಡಿದ್ದ ಜಾಗ.

ಯಾರೂ ಕಿರುಚಲಿಲ್ಲ. ಒಬ್ಬಾಕೆ ಪೊರಕೆ ತಂದಳು.

"ಎಷ್ಟು?" ಎಂದಳು ತಂಗಿ.

"ಮೂರು."

"ಬರ್ಕೋ."

ಬರೆದುಕೊಂಡೆ. ಅಕ್ಷರ ಗೆರೆ ಬಿಟ್ಟು ಕೆಳಗಿಳಿಯಿತು, ಅದು ಆಘಾತ ತರಂಗದ ಸಹಜ ಪರಿಣಾಮ. ಅವಳು ನೀರು ತಂದುಕೊಟ್ಟಳು. ವಿವರಣೆ ಕೊಡಲಿಲ್ಲ. 

ಫೆಬ್ರವರಿ 19, ಗುರುವಾರ

ಊಟದ ಮೇಜಿನ ಮೇಲೆ ಊರಿನ ನಕಾಶೆ ಹಾಸಿ, ಎರಡು ಎಂದವರಿಗೆ ಬಿಳಿ ಗುಂಡುಪಿನ್, ಮೂರು ಅಥವಾ ನಾಲ್ಕು ಎಂದವರಿಗೆ ಕಪ್ಪು ಗುಂಡುಪಿನ್ ಚುಚ್ಚಿದೆ. ಕೆಂಪು ಶಾಯಿಯಲ್ಲಿ ತಪ್ಪು ಹಾಕಿದ್ದವರೆಲ್ಲ ಕಪ್ಪು. ಒಟ್ಟು ಹದಿನಾಲ್ಕು.

ಕಪ್ಪು ಪಿನ್ನುಗಳು ಚೆಲ್ಲಾಪಿಲ್ಲಿಯಾಗಿರಲಿಲ್ಲ. ಕ್ಷೌರದಂಗಡಿಯಿಂದ ಶುರುವಾಗಿ, ಗಡಿಯಾರದವನ ಮನೆ, ಕೊಳಲು ಮೇಷ್ಟ್ರ ಮನೆ ದಾಟಿ, ತಂಗಿಯ ಬೀದಿಯವರೆಗೆ ಕುಡುಗೋಲಿನಂತೆ ಬಾಗಿದ ಒಂದು ಗೆರೆ.

ನಮ್ಮವರು ಹಿಂದಿನಿಂದ ಬಗ್ಗಿ ನೋಡಿ, "ತಿರುವು ತಗೊಂಡಿದ್ದಾನೆ," ಎಂದರು.

ಹೌದು. ವಿಮಾನ ನೇರ ಹೋದರೆ ಪ್ರತಿ ಮನೆಗೂ ಅದರದರ ಪಾಲಿನ ಎರಡು ಢಮ್ ಮಾತ್ರ. ತಿರುಗಿದರೆ ಹಾಗಲ್ಲ. ನಮ್ಮ ಶಾಲೆಯಲ್ಲಿ ಸಂಜೆ ಮೂರನೇ ಮಹಡಿಯವರನ್ನು ಮೊದಲು ಬಿಡುತ್ತಿದ್ದೆವು, ನೆಲಮಹಡಿಯವರನ್ನು ಕೊನೆಗೆ. ದೂರದವರು ಮೊದಲು ಹೊರಟು, ಹತ್ತಿರದವರು ಆಮೇಲೆ ಹೊರಟು, ಗೇಟಿನಲ್ಲಿ ಎಲ್ಲರೂ ಒಟ್ಟಿಗೆ ಸೇರಿ ನೂಕುನುಗ್ಗಲು. ತಿರುವಿನ ಬೇರೆ ಬೇರೆ ಜಾಗದಲ್ಲಿ ಹೊರಟ ಆಘಾತಗಳೂ ಹೀಗೆಯೇ ಒಂದೇ ಗೆರೆಯ ಮೇಲೆ ಬಂದು ಬೀಳುತ್ತವೆ. ಕೆಲವು ಒಂದರೊಳಗೊಂದು ಸೇರಿ ದಪ್ಪವಾಗುತ್ತವೆ, ಕೆಲವು ಹಿಂದುಳಿದು ಮೂರನೆಯದಾಗಿ, ನಾಲ್ಕನೆಯದಾಗಿ ಕೇಳುತ್ತವೆ.

ಇದು ನನಗೆ ಗೊತ್ತಿದ್ದ ವಿಷಯ. ಪುಸ್ತಕದಲ್ಲಿ ಓದಿದ್ದೆ. ಹದಿನಾಲ್ಕು ಜನ ಹೇಳಿದಾಗ ನೆನಪಾಗಲಿಲ್ಲ.

ಫೆಬ್ರವರಿ 20, ಶುಕ್ರವಾರ

ಕೊನೇಬೆಂಚಿನ ಕೋಣೆಯಲ್ಲಿ ಒಂದು ಬೋರ್ಡ್ ಇದೆ, ಹುಟ್ಟುಹಬ್ಬಗಳ ಪಟ್ಟಿ ಬರೆಯಲು. ಅದನ್ನು ಒರೆಸಿ ಊರು ಬಿಡಿಸಿದೆ, ಕಪ್ಪು ಮನೆಗಳನ್ನು ಗುರುತಿಸಿದೆ, ವಿಮಾನ ಎಲ್ಲಿ ಬರುತ್ತದೆ, ಎಲ್ಲಿ ಎಡಕ್ಕೆ ತಿರುಗುತ್ತದೆ ಎಂದು ಬಾಣ ಹಾಕಿದೆ.

ಅವನು ಎದ್ದು ಹೋಗಿ ಬಾಗಿಲು ಮುಚ್ಚಿ, ಕಿಟಕಿಯ ಪರದೆಯನ್ನೂ ಎಳೆದ. "ಟೀಚರ್, ಇದು ಗುಪ್ತ ಮಾಹಿತಿ. ವಿಮಾನದ ದಾರಿ ಈ ಕಟ್ಟಡದಲ್ಲಿ ಐದು ಜನಕ್ಕೆ ಮಾತ್ರ ಗೊತ್ತು. ನಿಮಗೆ ಯಾರು ಹೇಳಿದ್ದು?"

"ಕ್ಷೌರದಂಗಡಿಯವನು," ಎಂದೆ. "ಗಡಿಯಾರದವನು. ಕೊಳಲು ಮೇಷ್ಟ್ರು. ನನ್ನ ತಂಗಿ."

ಅವನು ಬರೆದುಕೊಳ್ಳಲು ಶುರುಮಾಡಿದ. ಆಮೇಲೆ ಪೆನ್ನಿಟ್ಟು ತಲೆ ಹಿಡಿದುಕೊಂಡ.

ದಾರಿ ಬದಲಿಸುವುದು ಸುಲಭವಲ್ಲವಂತೆ. ನಾಲ್ಕು ಮನೆಯವರು ಮೂರು ಎಂದರೆ ಮೇಲಿನವರು ನಗುತ್ತಾರಂತೆ. ವರದಿಗೆ ಸಹಿ ಹಾಕಿ ಎಂದ. ಹಾಕುವುದಿಲ್ಲ ಎಂದೆ. ಹೊರಡುವಾಗ ಬೋರ್ಡ್ ಒರೆಸಲು ಹೋದ. "ಹುಟ್ಟುಹಬ್ಬಗಳನ್ನ ಮತ್ತೆ ಬರಿ, ಯಾರದೋ ನಾಳೆ ಇತ್ತು," ಎಂದು ಹೇಳಿ ಬಂದೆ.

ದೊಡ್ಡ ವಿಮಾನ ಮಾರ್ಚ್ ಒಂಬತ್ತಕ್ಕೆ. ತರಗತಿ ಮುಚ್ಚು ಎಂದು ತಂಗಿಗೆ ಫೋನ್ ಮಾಡಿದೆ. ನಂಬರು ನಮ್ಮವರ ಡೈರಿಯಲ್ಲಿ "ಸಂಘ" ಎಂದಿತ್ತು. "ಈ ಏಳು ಜನಕ್ಕೆ ಮುಂದಿನ ತಿಂಗಳು ಸರ್ಟಿಫಿಕೇಟ್ ಪರೀಕ್ಷೆ ಇದೆ. ಪರೀಕ್ಷೆ ಬಿಟ್ಟು ಬರಕ್ಕಾಗತ್ತಾ?" ಎಂದಳು. ಬೇಕೆಂದೇ ಅಂದದ್ದಲ್ಲ. ಆದರೂ ನಾನು ಮತ್ತೆ ಒತ್ತಾಯಿಸದೆ ಫೋನ್ ಇಟ್ಟೆ.

ಫೆಬ್ರವರಿ 24, ಮಂಗಳವಾರ

ಇವತ್ತು ಎರಡೇ ಮನೆ ಆಯಿತು. ಬಿಸಿಲಿಗೋ ವಯಸ್ಸಿಗೋ, ನಿಧಾನವಾಗುತ್ತಿದ್ದೇನೆ. ಬೋಗುಣಿ ಎಲ್ಲೋ ಬಿಟ್ಟು ಬಂದಿದ್ದೇನೆ, ಎಲ್ಲೆಂದು ನೆನಪಿಲ್ಲ.

ಗೆರೆಯ ಮೇಲಿನ ಹದಿನಾಲ್ಕು ಮನೆಗೂ, ಗೆರೆಯಾಚೆಯ ಹದಿನಾಲ್ಕು ಮನೆಗೂ ಒಂದೊಂದು ಚೀಟಿ ಕೊಡುತ್ತಿದ್ದೇನೆ. ಶುಕ್ರವಾರ ಹನ್ನೊಂದಕ್ಕೆ ಎಲ್ಲರೂ ಅವರವರ ಮನೆಯಲ್ಲೇ ಕೂತು ಎಣಿಸಿ ಬರೆಯಬೇಕು. ಪಕ್ಕದವರನ್ನು ಕೇಳಬಾರದು. ಕೊಳಲು ಮೇಷ್ಟ್ರು ಸ್ವರವನ್ನೂ ಬರೆಯಲೇ ಎಂದರು. ಬರೆಯಿರಿ ಎಂದೆ. ಅವರ ತೀರಿಹೋದ ಹೆಂಡತಿಗೆ ಗುಡುಗೆಂದರೆ ಭಯವಿತ್ತಂತೆ, ಆ ಕಥೆ ತುಂಬ ಚೆನ್ನಾಗಿ ಹೇಳುತ್ತಾರೆ. ಅಲ್ಲೇ ಸಂಜೆಯಾಯಿತು.

ಫೆಬ್ರವರಿ 26, ಗುರುವಾರ

ಅತ್ತೆ ಸೊಸೆಯ ಮನೆಗೆ ಮರುಭೇಟಿ. ಸೊಸೆ ಅಂಗಡಿಗೆ ಹೋಗಿದ್ದಳು. ನಾನು ಮುದುಕಿಯ ಪಕ್ಕ ಕುರ್ಚಿ ಎಳೆದುಕೊಂಡು ಕೂತು, ಇಬ್ಬರೂ ಬೀದಿ ನೋಡಿದೆವು. ಒಂದು ಗಂಟೆಯಾದ ಮೇಲೆ ಅವರು ನನ್ನ ಕಡೆ ತಿರುಗದೆಯೇ, "ನಾಲ್ಕು," ಎಂದರು.

"ಏನು ನಾಲ್ಕು, ಅಮ್ಮ?"

"ಢಮ್. ಮಾತಾಡೋರಿಗೆ ಎರಡು ಕೇಳತ್ತೆ. ನಾನು ಸುಮ್ಮನೆ ಕೂತು ಎಣಿಸಿದ್ದೀನಿ, ನಾಲ್ಕು."

"ಮಾತು ಬರತ್ತಲ್ಲ ನಿಮಗೆ?"

"ಬರತ್ತೆ. ಮೊದಲ ದಿನ ಹೆದರಿ ನಿಂತಿತ್ತು, ಮಾರನೇ ದಿನ ಸರಿಹೋಯ್ತು. ನಾನು ಸುಮ್ಮನಿದ್ರೆ ಎಲ್ಲರೂ ಎಷ್ಟು ಚೆನ್ನಾಗಿ ನೋಡ್ಕೋತಾರೆ. ಯಾಕೆ ಕೆಡಿಸ್ಕೊಳ್ಳಲಿ." ಆಮೇಲೆ, "ನೀನು ಪರವಾಗಿಲ್ಲ, ಬಾಯಿ ಕಮ್ಮಿ," ಎಂದರು.

ನನ್ನ ಬಗ್ಗೆ ಯಾರೂ ಹೀಗೆ ಹೇಳಿರಲಿಲ್ಲ. ಮುದುಕಿಗೆ ಅರಳುಮರಳು ಇರಬೇಕು.

ಫೆಬ್ರವರಿ 27, ಶುಕ್ರವಾರ

ಕೊನೇಬೆಂಚನ್ನು ಹತ್ತೂವರೆಗೇ ತಂಗಿಯ ಮನೆಗೆ ಕರೆತಂದೆ. ಬರುವುದಿಲ್ಲ ಎಂದಿದ್ದ. ನಿನ್ನ ಶಬ್ದದ ಪಾಠ ಎಂಟು ದಿನದ್ದು ಬಾಕಿ ಇದೆ ಎಂದೆ. ಬಂದ.

ತಂಗಿ ಅವನಿಗೆ ಚಹಾ ಕೊಟ್ಟಳು. ಹನ್ನೊಂದಾದಾಗ ಹೆಂಗಸರೆಲ್ಲ ಎದ್ದು ಸ್ಟೂಲು ಸರಿಸಿ ಬಾಗಿಲಲ್ಲಿ ನಿಂತರು. "ನೀವೂ ಬನ್ನಿ ಸಾರ್," ಎಂದಳು ತಂಗಿ. ಅವನು ಕಾಲಮೇಲೆ ಕಾಲು ಹಾಕಿ ಕೂತಿದ್ದ. "ಇರ್ಲಿ ಅಮ್ಮ, ನಾವು ದಿನಾ ನೋಡೋದೇ ಇದು. ನಮ್ಮ ಕಚೇರಿ ಗೋಡೆ ಅಲುಗೋದೂ ಇಲ್ಲ."

ನಾನು ಹೋಗಿ ಅವನ ಕಿವಿ ಹಿಡಿದು ಎಬ್ಬಿಸಿದೆ. ಮೂವತ್ತು ವರ್ಷದ ಅಭ್ಯಾಸ, ಕೈ ತಾನಾಗಿ ಹೋಯಿತು. ಬಾಗಿಲಿಗೆ ಬಂದು ನಿಲ್ಲುವುದಕ್ಕೂ ಢಮ್ಮಾಗುವುದಕ್ಕೂ ಸರಿಹೋಯಿತು. ಒಂದು, ಎರಡು. ಬಿಡುವು. ಮೂರು. ಅದರ ಬೆನ್ನಿಗೇ ನಾಲ್ಕು.

ಈ ಸಲ ಅಂಗೈಯಗಲವಲ್ಲ. ಬಾಣಲೆಯಗಲದ ಗಾರೆ ಅವನು ಕೂತಿದ್ದ ಕುರ್ಚಿಯ ಮೇಲೆ ಬಿತ್ತು. ಚಹಾದ ಬಟ್ಟಲು ಎರಡಾಯಿತು. ಧೂಳಿಳಿಯುವವರೆಗೆ ಅವನು ತನ್ನ ಕುರ್ಚಿಯನ್ನೇ ನೋಡುತ್ತ ನಿಂತಿದ್ದ, ನನ್ನ ಕೈ ಇನ್ನೂ ಅವನ ಕಿವಿಯಲ್ಲೇ ಇತ್ತು.

"ಎಷ್ಟು?" ಎಂದು ಕೇಳಿದೆ.

"ನಾಲ್ಕು, ಟೀಚರ್."

"ಕೂತ್ಕೋ," ಎಂದೆ. ಕೂರಲು ಜಾಗವಿರಲಿಲ್ಲ.

ಸಂಜೆ ಇಪ್ಪತ್ತೆಂಟು ಚೀಟಿ ಬಂದವು. ಗೆರೆಯಾಚೆ ಎಲ್ಲರದೂ ಎರಡು. ಗೆರೆಯ ಮೇಲೆ ಒಂಬತ್ತು ಮನೆಯಲ್ಲಿ ಮೂರು, ಐದರಲ್ಲಿ ನಾಲ್ಕು. ಬಿಕ್ಕಳಿಕೆಯವನು ಚೀಟಿಯಲ್ಲಿ "ಇವತ್ತು ಬಿಕ್ಕಳಿಕೆ ಇರಲಿಲ್ಲ, ಢಮ್ ವ್ಯರ್ಥವಾಯಿತು" ಎಂದೂ ಬರೆದಿದ್ದ. ಅವನ್ನೆಲ್ಲ ನಕಾಶೆಗೆ ಪಿನ್ ಹೊಡೆದು, ವರದಿ ನಾನೇ ಬರೆದೆ. ಕೊನೇಬೆಂಚು ಕೆಳಗೆ ಸಹಿ ಹಾಕಿದ. ಕಿವಿ ಕೆಂಪಗಿತ್ತು. ಮೇಲಿನವರು ನಕ್ಕರೆ ಅವರನ್ನೂ ಆ ಕುರ್ಚಿಯಲ್ಲಿ ಕೂರಿಸುತ್ತೇನೆ ಎಂದ. ಹುಡುಗನಲ್ಲಿ ಹುರುಳಿದೆ, ಆಗ ನನಗೆ ಕಂಡಿರಲಿಲ್ಲ.

ಮಾರ್ಚ್ 4, ಬುಧವಾರ

ವಿಮಾನ ಹಾರಲಿಲ್ಲ. ಹಾರಲಿಲ್ಲವೆಂದು ಎರಡು ದೂರು ಬಂದಿವೆ.

ಮಾರ್ಚ್ 6, ಶುಕ್ರವಾರ

ಆದೇಶವಾಯಿತು. ವಿಮಾನ ಇನ್ನು ಊರಿನ ಮೇಲೆ ತಿರುಗುವುದಿಲ್ಲ. ಊರು ದಾಟಿ, ಕಲ್ಲುಗಣಿಯ ಬಯಲಿನ ಮೇಲೆ ತಿರುಗುತ್ತದೆ. ಗೆರೆ ಹೋಗಿ ಮನುಷ್ಯರಿಲ್ಲದ ಕಡೆ ಬೀಳುತ್ತದೆ. ತಂಗಿಯ ಮನೆಯ ಛಾವಣಿಯನ್ನು ಕೇಂದ್ರದವರೇ ಸರಿಮಾಡಿಸುತ್ತಾರೆ. ಕೆಲಸ ಮುಗಿಯುವವರೆಗೆ ಹೊಲಿಗೆ ತರಗತಿ ಕೊನೇಬೆಂಚಿನ ಕಚೇರಿಯ ಸಭಾಂಗಣದಲ್ಲಿ. ಏಳು ಯಂತ್ರಗಳ ಸದ್ದಿಗೆ ಅವನಿಗೆ ಫೋನ್ ಕೇಳಿಸುವುದಿಲ್ಲವಂತೆ. ದೂರು ಕೊಡಬೇಕೆಂದರೆ ಯಾರಿಗೆ ಕೊಡಲಿ ಎಂದು ಕೇಳಿದ.

ಸೊಸೆ ದಾರಿಯಲ್ಲಿ ಸಿಕ್ಕಿದ್ದಳು. ಅತ್ತೆ ಮತ್ತೆ ಮಾತಾಡುತ್ತಿದ್ದಾರಂತೆ. ಮುಖ ಸಣ್ಣಗಾಗಿತ್ತು ಪಾಪ.

ಮಾರ್ಚ್ 8, ಭಾನುವಾರ

ತಂಗಿಯನ್ನು ಊಟಕ್ಕೆ ಕರೆದಿದ್ದೆ. ನಮ್ಮದು ಮಹಡಿ ಮನೆ. ಬೀದಿ ಬಾಗಿಲ ಸದ್ದಾಗಿ ಬಹಳ ಹೊತ್ತಾದರೂ ಮೇಲೆ ಬರಲಿಲ್ಲ. ನಮ್ಮವರು ಹೋಗಲು ಎದ್ದರು. ನಾನು ಹೋಗುತ್ತೇನೆ ಎಂದೆ.

ಎರಡನೆಯ ತಿರುವಿನಲ್ಲಿ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದಳು, ಮೊಣಕಾಲು ಹಿಡಿದುಕೊಂಡು. "ಏನೇ ಅಕ್ಕ ಇದು, ಸಾವಿರ ಮೆಟ್ಟಿಲು. ನನ್ನನ್ನ ಕೊಲ್ಲಕ್ಕೇ ಕರೆದೆಯಾ?"

ಪಕ್ಕದಲ್ಲಿ ಕೂತೆ. ಮೆಟ್ಟಿಲು ಅಗಲವಿಲ್ಲ, ತೋಳಿಗೆ ತೋಳು ತಾಗುತ್ತಿತ್ತು. ಆ ದಿನ ಏನಾಯಿತು ಹೇಳು ಎಂದೆ. ಯಾವ ದಿನ ಎಂದು ಅವಳು ಕೇಳಲಿಲ್ಲ. ಅಮ್ಮ ಬೆಳಗ್ಗೆ ಎದ್ದದ್ದರಿಂದ ಶುರುಮಾಡಿದಳು. ಅಮ್ಮ ಏನು ಕೇಳಿದಳು, ಯಾವ ಕಡೆ ಮಗ್ಗುಲಾದಳು, ಎಷ್ಟು ಸಲ ಬಾಗಿಲು ನೋಡಿದಳು, ಎಲ್ಲ. ಪಕ್ಕದ ಮನೆಯವರು ಒಮ್ಮೆ ಹತ್ತಿದರು, ಒಮ್ಮೆ ಇಳಿದರು, ಎರಡು ಸಲವೂ ನಾವು ಕಾಲು ಮಡಚಿ ದಾರಿ ಬಿಟ್ಟೆವು. ಮಧ್ಯೆ ನಾನು ಬಾಯಿ ಹಾಕಲಿಲ್ಲ. ಅವಳೂ ಅತ್ತಳು, ನಾನೂ ಅತ್ತೆ. ಮೇಲಿನಿಂದ ನಮ್ಮವರು ಒಮ್ಮೆ ಇಣುಕಿ ನೋಡಿ ಒಳಗೆ ಹೋದರು, ಒಲೆ ಆರಿಸಿದ ಸದ್ದು ಕೇಳಿಸಿತು.

ಮುಗಿದ ಮೇಲೆ ಅವಳು ಮೂಗೊರೆಸಿಕೊಂಡು, ನನ್ನ ಭುಜ ಹಿಡಿದು ಎದ್ದಳು. ಮೇಲಕ್ಕೆ ನೋಡಿ ನಿಟ್ಟುಸಿರು ಬಿಟ್ಟಳು. "ಇನ್ನೂ ಐನೂರಾದ್ರೂ ಇರಬೇಕಲ್ವಾ?"

ಹನ್ನೊಂದು ಇತ್ತು.

"ಇರಬಹುದು," ಎಂದೆ. "ನಿಧಾನ ಹತ್ತು. ಊಟ ಎಲ್ಲಿಗೂ ಹೋಗಲ್ಲ."